ಮೊದಲು ಕೈಗೆ ಸಿಕ್ಕ ಇಲಿಗಳು

ಇಪ್ಪತ್ತೆರಡು ವರ್ಷಗಳಲ್ಲಿ ಒಂದೇ ಒಂದು ಇಲಿಯೂ ಅವಳನ್ನು ಕಚ್ಚಿರಲಿಲ್ಲ. ಆ ಪ್ರಯೋಗಾಲಯದಲ್ಲಿ ಇದು ಸಣ್ಣ ಮಾತಲ್ಲ. ಹೆಸರಿನ ಹಿಂದೆ ಮುಂದೆ ಪದವಿ ಕಟ್ಟಿಕೊಂಡು ಬಂದವರು ಎರಡೆರಡು ಕೈಗವಸು ಹಾಕಿಕೊಂಡು, ಉಸಿರು ಬಿಗಿಹಿಡಿದು, ಬಾಲ ಮುಟ್ಟಿದರೋ ಇಲ್ಲವೋ ಕೈ ಕೊಡವಿಕೊಂಡು ಹಿಂದೆ ಹಾರುತ್ತಿದ್ದರು. ಇವಳು ಮಾತ್ರ ಪೆಟ್ಟಿಗೆಯ ಮುಚ್ಚಳ ಸರಿಸಿ, ಅಳುವ ಮಗುವನ್ನು ತೊಟ್ಟಿಲಿನಿಂದ ಎತ್ತಿಕೊಳ್ಳುವ ಹಾಗೆ ಎತ್ತಿಕೊಳ್ಳುತ್ತಿದ್ದಳು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಇಲಿಯಮ್ಮ. ಮೊದಮೊದಲು ಆ ಹೆಸರಿಗೆ ಸಿಡುಕುತ್ತಿದ್ದವಳು ಆಮೇಲಾಮೇಲೆ ಅದರಲ್ಲೇ ಒಂದು ಗತ್ತು ಕಂಡುಕೊಂಡಳು. ಕೈ ಪಳಗಿದೆ ಎಂದ ಮಾತ್ರಕ್ಕೆ ಬುದ್ಧಿಯೂ ಪಳಗಿದೆ ಎಂದು ಅರ್ಥವಲ್ಲ. ಅದನ್ನು ಅವಳಿಗೆ ಹೇಳುವವರು ಆಗ ಯಾರೂ ಇರಲಿಲ್ಲ.

ಅಲ್ಲಿ ನಡೆಯುತ್ತಿದ್ದ ಕೆಲಸ ಕೇಳಲು ದೊಡ್ಡದು, ನೋಡಲು ಅಡುಗೆಮನೆಯದೇ. ಶುಂಠಿ ತೊಳೆದು, ಸಿಪ್ಪೆ ಕೆರೆದು, ಮಿಕ್ಸಿಯಲ್ಲಿ ಅರೆದು, ಬಟ್ಟೆಯಲ್ಲಿ ಸೋಸಬೇಕು. ಆ ರಸವನ್ನು ಗಿರ್ರನೆ ತಿರುಗುವ ಯಂತ್ರಕ್ಕೆ ಹಾಕಿದರೆ ಮೊದಲು ನಾರು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಇನ್ನೂ ಜೋರಾಗಿ, ಗಂಟೆಗಟ್ಟಲೆ ತಿರುಗಿಸಿದರೆ ಕೊಳವೆಯ ಬುಡದಲ್ಲಿ ಉಗುರಿನ ಕೊಳೆಯಷ್ಟು ಕೆನೆಬಣ್ಣದ ಮುದ್ದೆ ನಿಲ್ಲುತ್ತದೆ. ಅದರಲ್ಲಿ ಕೋಟಿಗಟ್ಟಲೆ ನ್ಯಾನೊ ಕಣಗಳು. ಒಂದು ತಲೆಗೂದಲನ್ನು ಸಾವಿರ ಸೀಳು ಮಾಡಿದರೆ ಒಂದು ಸೀಳಿನಷ್ಟು ದಪ್ಪ, ಒಂದೊಂದೂ ಒಂದು ಪುಟ್ಟ ಚೀಲ. ಆ ಚೀಲದಲ್ಲಿ ಕ್ಯಾನ್ಸರ್ ಔಷಧಿ ತುಂಬಿ ಬಿಟ್ಟರೆ, ಅದು ಸಿಕ್ಕಸಿಕ್ಕಲ್ಲಿ ಅಲೆದು ಮೈ ಹಾಳುಮಾಡದೆ ಗಡ್ಡೆಯ ಕಡೆಗೇ ಹೆಚ್ಚು ಹೋಗುತ್ತದೆ ಎಂಬುದು ಪ್ರಯೋಗಾಲಯ ನಡೆಸುತ್ತಿದ್ದ ಪ್ರೊಫೆಸರರ ಎಣಿಕೆ. ಔಷಧಿಯೇನೂ ಹೊಸದಲ್ಲ. ಆಸ್ಪತ್ರೆಗಳಲ್ಲಿ ನರಕ್ಕೆ ಹನಿಸುವ ಅದೇ ಕೆಂಪು ದ್ರವ. ಶುಂಠಿ ಬರೀ ಗಾಡಿ, ಔಷಧಿ ಅದರ ಮೇಲಿನ ಹೇರು.

ಆ ಕೆಂಪು ದ್ರವ ಅವಳ ಒಡಹುಟ್ಟಿದ ತಂಗಿಯ ಮೈಗೂ ಇಳಿಯುತ್ತಿತ್ತು. ಎದೆಯಲ್ಲಿ ಗಂಟು. ಮೂರು ವಾರಕ್ಕೊಮ್ಮೆಯಂತೆ ಆರು ಸಲ ಹಾಕಿಸಿಕೊಂಡರೆ ಗುಣವಾಗುವ ಭರವಸೆ ಚೆನ್ನಾಗಿಯೇ ಇದೆ ಎಂದು ಡಾಕ್ಟರು ಹೇಳಿದ್ದರು. ಮೂರು ಮುಗಿದಿತ್ತು. ತಂಗಿಯ ಮನೆಯಲ್ಲಿ ಇದ್ದದ್ದು ಅವಳು ಮತ್ತು ಕಾಲೇಜಿಗೆ ಹೋಗುವ ಮಗಳು, ಇಬ್ಬರೇ. ಇಲಿಯಮ್ಮನಿಗೆ ಮಕ್ಕಳಿಲ್ಲ, ತಂಗಿಯೇ ಮಗಳು, ತಂಗಿಯ ಮಗಳು ಮೊಮ್ಮಗಳು. ತಾಯಿ ತೀರಿಕೊಂಡಾಗ ಆರು ವರ್ಷದವಳಾಗಿದ್ದ ಆ ತಂಗಿಗೆ ಜಡೆ ಹೆಣೆದವಳು ಇವಳು, ಮೊನ್ನೆ ಕೂದಲು ಉದುರಿದಾಗ ಉಳಿದದ್ದನ್ನು ಬೋಳಿಸಿದವಳೂ ಇವಳೇ.

ಪ್ರಯೋಗಕ್ಕೆ ಮೂವತ್ತೆರಡು ಇಲಿ, ನಾಲ್ಕು ಪೆಟ್ಟಿಗೆ. ಎಲ್ಲಕ್ಕೂ ಚರ್ಮದಡಿಯಲ್ಲಿ ಗಡ್ಡೆ ಬರಿಸಿರುತ್ತಾರೆ. ಒಂದನೆಯ ಪೆಟ್ಟಿಗೆಗೆ ಬರೀ ಉಪ್ಪುನೀರು, ಎರಡನೆಯದಕ್ಕೆ ಬರೀ ಕೆಂಪು ಔಷಧಿ, ಮೂರನೆಯದಕ್ಕೆ ಖಾಲಿ ಕಣ, ನಾಲ್ಕನೆಯದಕ್ಕೆ ಔಷಧಿ ತುಂಬಿದ ಕಣ. ಐದು ವಾರ ಕಳೆದ ಮೇಲೆ ಅಳೆದು ನೋಡಿದರೆ ನಾಲ್ಕನೆಯ ಪೆಟ್ಟಿಗೆಯ ಗಡ್ಡೆಗಳು ಎಲ್ಲಕ್ಕಿಂತ ಚಿಕ್ಕವಾಗಿದ್ದವು. ಅದು ನಿರೀಕ್ಷೆ ಮಾಡಿದ್ದೇ. ಆದರೆ ಖಾಲಿ ಕಣ ಕೊಟ್ಟ ಮೂರನೆಯ ಪೆಟ್ಟಿಗೆಯಲ್ಲೂ ಗಡ್ಡೆ ಅಷ್ಟಾಗಿ ಬೆಳೆದಿರಲಿಲ್ಲ. ಪ್ರೊಫೆಸರರಿಗೆ ನೆಲವೇ ಕಾಣಲಿಲ್ಲ. "ಶುಂಠಿ ಇಲ್ಲದ ಕಷಾಯ ಇಲ್ಲ ಅಂತ ಹಿರಿಯರು ಸುಮ್ನೆ ಅಂದ್ರಾ" ಎಂದು ಕಂಡಕಂಡವರ ಬೆನ್ನು ತಟ್ಟಿದರು. ಪತ್ರಿಕೆಯವರನ್ನೂ ಕರೆಸಿದರು.

ಬಂದ ಫೋಟೋದವನಿಗೆ ಯಂತ್ರ ಹಿಡಿಸಲಿಲ್ಲ, ಬಟ್ಟೆ ಒಗೆಯೋ ಮೆಷಿನ್ ತರ ಇದೆ ಎಂದ. ಗಾಜಿನ ಲೋಟದಲ್ಲಿ ಶುಂಠಿ ರಸ ತುಂಬಿಸಿ, ಬಿಳಿ ಕೋಟಿನ ಇಲಿಯಮ್ಮನ ಕೈಗೆ ಕೊಟ್ಟು, ಸ್ವಲ್ಪ ನಗಿ ಎಂದ. ಅವಳು ನಕ್ಕಳು. ಮಾರನೆಯ ದಿನ ಆ ನಗು ಊರೆಲ್ಲ ಹಂಚಿಹೋಯಿತು. 'ಹಿತ್ತಲ ಗಿಡವೂ ಮದ್ದು' ಎಂಬ ತಲೆಬರಹ, ಕೆಳಗೆ ಒಂದು ಸಾಲು: ಔಷಧಿ ಇಲ್ಲದೆಯೂ ಶುಂಠಿಯ ಕಣಗಳು ಗಡ್ಡೆಯನ್ನು ತಗ್ಗಿಸಿವೆ, ಅಡ್ಡ ಪರಿಣಾಮವೇ ಇಲ್ಲ.

ಆ ಪತ್ರಿಕೆಯನ್ನು ಚೀಲದಲ್ಲಿಟ್ಟುಕೊಂಡು ಅವಳು ಸೀದಾ ಹೋದದ್ದು ತಂಗಿಯ ಮನೆಗೆ. ತಂಗಿ ಮಂಚದ ಪಕ್ಕ ಬಕೆಟ್ ಇಟ್ಟುಕೊಂಡು ಮಲಗಿದ್ದಳು. ಬಾಯಿತುಂಬ ಹುಣ್ಣು. ಮುಂದಿನ ವಾರ ನಾಲ್ಕನೆಯ ಸರದಿ. ಪತ್ರಿಕೆ ನೋಡಿ ಅವಳ ಮುಖ ಅರಳಿತು, ಎಷ್ಟೋ ದಿನದ ಮೇಲೆ.

"ನಮ್ಮಕ್ಕ ಪೇಪರಲ್ಲಿ. ಇದೇನಕ್ಕ, ಔಷಧಿ ಇಲ್ದೇನೂ ಅಂತ ಬರೆದಿದಾರೆ, ನಿಜವಾ?"

"ನಿಜ ಕಣೇ. ನಾನೇ ಅಳೆದಿದೀನಿ, ಇದೇ ಕೈಯಲ್ಲಿ."

"ಆ ಇಲಿಗಳಿಗೆ ಕೂದಲು ಉದುರಲ್ವಾ?"

"ಖಾಲಿ ಕಣದ್ದಕ್ಕಾ? ಮೈ ಮಿರಿಮಿರಿ ಅಂತಿರುತ್ತೆ. ನಿನಗಿಂತ ಚೆನ್ನಾಗಿ ಊಟ ಮಾಡ್ತವೆ ಅವು."

ಇಬ್ಬರೂ ನಕ್ಕರು. ಇದೆಲ್ಲ ಇಲಿಯ ಮಾತು, ಮನುಷ್ಯರಿಗೆ ಬರಬೇಕಾದರೆ ಹತ್ತು ವರ್ಷ ಬೇಕು, ನೀನು ನಿನ್ನ ಔಷಧಿ ಬಿಡಬೇಡ ಎಂದು ಒಂದು ಮಾತು ಸೇರಿಸಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಸೇರಿಸಲಿಲ್ಲ. ಕಾಯಿಲೆಯವರ ಮುಂದೆ ಹೊಗಳಿಸಿಕೊಳ್ಳುವ ಸುಖ ಒಂದು ಸುಖವೇ? ಆ ಹೊತ್ತಿಗೆ ಅವಳಿಗೆ ಸುಖವಾಗಿಯೇ ಇತ್ತು.

ಒಂದು ತಿಂಗಳ ಮೇಲೆ ವಿಜ್ಞಾನದ ಪತ್ರಿಕೆಯವರಿಂದ ಪ್ರಶ್ನೆಗಳ ಪಟ್ಟಿ ಬಂತು. ಪ್ರೊಫೆಸರರ ಲೇಖನವನ್ನು ಅಚ್ಚು ಹಾಕುವ ಮುಂಚೆ ಅವರು ಒಂದೊಂದನ್ನೂ ಕೆದಕಿ ಕೇಳುತ್ತಾರೆ. ಉತ್ತರ ಬರೆಯುವ ಕೆಲಸ ಹೊಸದಾಗಿ ಸೇರಿದ್ದ ಸಂಶೋಧಕಿಯ ಪಾಲಿಗೆ ಬಿತ್ತು. ಕಡ್ಡಿಯಂತಿದ್ದ ಹುಡುಗಿ, ಮಾತು ಕಡಿಮೆ. ಇಲಿ ಕೋಣೆಗೆ ಬಂದು ಪುಸ್ತಕ ತೆರೆದು ನಿಂತಳು.

"ಮೇಡಂ, ಯಾವ ಇಲಿ ಯಾವ ಪೆಟ್ಟಿಗೆಗೆ ಅಂತ ಹೇಗೆ ಆರಿಸಿದ್ರಿ?"

"ಆರಿಸೋದೇನು ಬಂತು? ದೊಡ್ಡ ಪೆಟ್ಟಿಗೆಗೆ ಕೈ ಹಾಕ್ತೀನಿ, ಸಿಕ್ಕಿದ್ದನ್ನ ತೆಗೀತೀನಿ. ಮೊದಲ ಎಂಟು ಒಂದನೇದಕ್ಕೆ, ಆಮೇಲಿನ ಎಂಟು ಎರಡಕ್ಕೆ, ಹಾಗೇ. ನಾನು ಬೇಕು ಅಂತ ಯಾವುದನ್ನೂ ಆರಿಸಲ್ಲಮ್ಮ."

ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. "ಮೊದಲು ಕೈಗೆ ಸಿಗೋದು ಯಾವ ಇಲಿ?"

"ಯಾವುದು ಅಂದ್ರೆ?" ಇಲಿಯಮ್ಮ ನಗುತ್ತಲೇ ಶುರು ಮಾಡಿದಳು. "ಓಡಲಾರದ್ದು ಸಿಗುತ್ತೆ. ಮೂಲೇಲಿ ಮುದುಡ್ಕೊಂಡಿರುತ್ತಲ್ಲ, ಅದು. ಗಟ್ಟಿಮುಟ್ಟಾಗಿರೋದು ಕೈಗೆಲ್ಲಿ ಸಿಗುತ್ತೆ, ಕೊನೆವರೆಗೂ..."

ಮಾತು ಅಲ್ಲಿಗೇ ನಿಂತಿತು. ಸೊರಗಿದವೆಲ್ಲ ಒಂದು, ಎರಡನೆಯ ಪೆಟ್ಟಿಗೆಗೆ. ಚುರುಕಾದವೆಲ್ಲ ಮೂರು, ನಾಲ್ಕಕ್ಕೆ. ಉಪ್ಪುನೀರಿನ ಇಲಿಗಳು ಮೊದಲೇ ಸೋತಿದ್ದವು. ಖಾಲಿ ಕಣದ ಇಲಿಗಳು ಮೊದಲೇ ಗಟ್ಟಿಯಾಗಿದ್ದವು. ಇಪ್ಪತ್ತೆರಡು ವರ್ಷ ಪಳಗಿದ ಕೈ ತನಗೇ ಗೊತ್ತಿಲ್ಲದೆ ಎಲ್ಲವನ್ನೂ ಬೇರ್ಪಡಿಸಿಟ್ಟಿತ್ತು. ಇಲಿಯಮ್ಮನಿಗೆ ಕೂತುಕೊಳ್ಳಬೇಕು ಅನ್ನಿಸಿತು, ಆ ಕೋಣೆಯಲ್ಲಿ ಕುರ್ಚಿ ಇರಲಿಲ್ಲ.

ಪ್ರೊಫೆಸರರು ಮುಖ ಹಿಂಡಿಕೊಂಡೇ ಒಪ್ಪಿದರು. ಪ್ರಯೋಗ ಮತ್ತೊಮ್ಮೆ ಮೊದಲಿಂದ ನಡೆಯಿತು. ಈ ಸಲ ಪ್ರತಿ ಇಲಿಗೂ ಚೀಟಿ ಎತ್ತಿ ಪೆಟ್ಟಿಗೆ ಗೊತ್ತುಮಾಡಿದರು. ಐದು ವಾರ. ಔಷಧಿ ತುಂಬಿದ ಕಣ ಬರೀ ಔಷಧಿಗಿಂತ ತುಸು ಮೇಲಾಗಿಯೇ ಕೆಲಸ ಮಾಡಿತು, ಹಿಂದಿನಷ್ಟಲ್ಲ. ಖಾಲಿ ಕಣಕ್ಕೂ ಉಪ್ಪುನೀರಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಗಾಡಿ ಒಳ್ಳೆಯದೇ, ಹೇರು ಇಲ್ಲದ ಗಾಡಿ ಬಂದರೇನು ಹೋದರೇನು.

ಆ ಸಂಜೆ ಮನಸ್ಸು ತಡೆಯಲಾರದೆ ಅವಳು ತಂಗಿಯ ಮನೆಗೆ ಹೋದಳು. ಈ ಎರಡೂವರೆ ತಿಂಗಳು ತಂಗಿ ಚೇತರಿಸಿಕೊಂಡಂತೆಯೇ ಕಾಣುತ್ತಿದ್ದಳು. ವಾಂತಿ ನಿಂತಿತ್ತು, ಊಟ ಸೇರುತ್ತಿತ್ತು, ಫೋನಿನಲ್ಲಿ ದನಿ ಗಟ್ಟಿಯಾಗಿತ್ತು. ಆರೂ ಸರದಿ ಮುಗಿಸಿದ ಸಮಾಧಾನ ಇರಬೇಕು ಎಂದು ಅಕ್ಕ ಅಂದುಕೊಂಡಿದ್ದಳು. ಬಾಗಿಲು ಬರೀ ಮುಂದಕ್ಕೆಳೆದಿತ್ತು, ಚಿಲಕ ಹಾಕಿರಲಿಲ್ಲ. ಒಳಗೆ ಹೋದರೆ ತಂಗಿ ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಶುಂಠಿ ತುರಿಯುತ್ತಿದ್ದಳು. ಸೆಕೆಗೆ ತಲೆಯ ವಸ್ತ್ರ ತೆಗೆದಿಟ್ಟಿದ್ದಳು. ತಲೆತುಂಬ ಅರ್ಧ ಇಂಚು ಕಪ್ಪು ಕೂದಲು.

ಆ ಕೆಂಪು ದ್ರವ ಮೈಯಲ್ಲಿರುವಾಗ ಕೂದಲು ಹಾಗೆ ಬೆಳೆಯುವುದಿಲ್ಲ. ಅದನ್ನು ಇಲಿಯಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಎಷ್ಟು ಸಲ ತಪ್ಪಿಸಿದೆ?" ಎಂದಳು.

ತಂಗಿ ತುರಿಯುವುದನ್ನು ನಿಲ್ಲಿಸಲಿಲ್ಲ. "ಮೂರೂ."

"ಮತ್ತೆ ಆಸ್ಪತ್ರೆಗೆ ಅಂತ ಬಸ್ ಹತ್ತುತ್ತಿದ್ದೆಯಲ್ಲೇ."

"ಗೇಟಿನವರೆಗೂ ಹೋಗ್ತಿದ್ದೆ. ಎದುರುಗಡೆ ಪಾರ್ಕಲ್ಲಿ ಸಂಜೆವರೆಗೂ ಕೂತು ಬರ್ತಿದ್ದೆ. ಅವರು ಫೋನ್ ಮಾಡಿದ್ರು, ಬೇರೆ ಕಡೆ ತೋರಿಸ್ತಿದೀನಿ ಅಂದೆ. ಬಯ್ಯಬೇಡಕ್ಕ, ನೋಡು ಹೇಗಿದೀನಿ. ನಿನ್ನ ಇಲಿಗಳ ಹಾಗೇ ಇದೀನಿ."

ಇಲಿಯಮ್ಮ ಅಲ್ಲೇ, ಆ ಕಟ್ಟೆಗೆ ಆತುಕೊಂಡು, ಎಲ್ಲ ಹೇಳಿದಳು. ಕೈಗೆ ಸಿಕ್ಕ ಇಲಿ, ಸಿಗದ ಇಲಿ, ಚೀಟಿ, ಉಪ್ಪುನೀರು. ತಪ್ಪು ನಂದು, ಆ ಸಾಲು ಸುಳ್ಳು, ನಾಳೆಯೇ ಆಸ್ಪತ್ರೆಗೆ ಹೋಗೋಣ ಎಂದು ಕೈ ಹಿಡಿದುಕೊಂಡಳು. ತಂಗಿ ಕೇಳಿಸಿಕೊಂಡಳು, ಮಕ್ಕಳ ಕಥೆ ಕೇಳುವವರ ಹಾಗೆ.

"ನನ್ನನ್ನ ಮತ್ತೆ ಆ ಕುರ್ಚೀಲಿ ಕೂರಿಸೋಕೆ ಎಂಥ ಕಥೆ ಕಟ್ತೀಯಕ್ಕ. ಅಷ್ಟು ದೊಡ್ಡೋರು ಪೇಪರಲ್ಲಿ ಹೇಳಿದಾರೆ. ಇಲಿ ಹಿಡಿಯೋದ್ರಲ್ಲಿ ನೀನು ತಪ್ಪು ಮಾಡ್ತೀಯಾ? ನಾನು ನಂಬಬೇಕಾ?"

"ನಂಬು ಅಂತ ಕಾಲು ಹಿಡೀಲಾ?"

"ಕಾಲೆಲ್ಲ ಬೇಡ. ಅವರ ಬಾಯಲ್ಲಿ ಹೇಳಿಸು. ಆಗ ನಂಬ್ತೀನಿ."

ಮಾರನೆಯ ದಿನ ಅವಳು ಪ್ರೊಫೆಸರರ ಕೋಣೆಯಲ್ಲಿ ನಿಂತು ಬೇಡಿಕೊಂಡಳು. ಪ್ರೊಫೆಸರರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಸುಮ್ಮನಿರಬಹುದಿತ್ತು. ಅವರು ಪಾಪ ಎಂದರು, ಕುರ್ಚಿ ತೋರಿಸಿದರು, ನೀರು ಕೊಟ್ಟರು. ಲೇಖನದಿಂದ ಆ ಸಾಲನ್ನು ತೆಗೆದುಬಿಟ್ಟಿದ್ದೇನೆ ಎಂದರು. ಸುದ್ದಿಪತ್ರಿಕೆಗೆ ತಿದ್ದುಪಡಿ ಕಳಿಸಿ ಸಾರ್ ಎಂದಾಗ ಮಾತ್ರ ಅವರ ಕಣ್ಣು ಕಿಟಕಿಯ ಕಡೆ ಹೋಯಿತು. "ಹಳೇ ಪೇಪರ್ ಯಾರು ಓದ್ತಾರಮ್ಮ. ಸುಮ್ನೆ ಕೆಸರು ಕಲಕಿದ ಹಾಗೆ. ಇಡೀ ಕೆಲಸಾನೇ ಸುಳ್ಳು ಅಂದ್ಕೊಳ್ತಾರೆ. ನಿಮ್ಮ ತಂಗಿ ಜೊತೆ ಬೇಕಾದ್ರೆ ನಾನೇ ಮಾತಾಡ್ತೀನಿ."

ಫೋನಿನಲ್ಲಿ ಅವರು ಆಡಿದ್ದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತು. "ಚಿಕಿತ್ಸೆ ಬಿಡಬಾರದಮ್ಮ, ಡಾಕ್ಟರ್ ಹೇಳಿದ ಹಾಗೆ ಕೇಳಿ. ನಮ್ಮ ಸಂಶೋಧನೆ ಚೆನ್ನಾಗೇ ನಡೀತಿದೆ. ಶುಂಠಿ ಕಣದ ಮೇಲೆ ನಮಗೆ ತುಂಬಾ ಭರವಸೆ ಇದೆ." ಖಾಲಿ ಕಣದ ಮಾತನ್ನೇ ಅವರು ಎತ್ತಲಿಲ್ಲ. ಮೂರು ವಾಕ್ಯದಲ್ಲಿ ತಂಗಿಯ ಕಿವಿಗೆ ಬಿದ್ದದ್ದು ಕೊನೆಯದು. ಫೋನ್ ಇಟ್ಟವಳೇ ಅಕ್ಕನ ಕೆನ್ನೆ ಸವರಿ, "ನೋಡಿದ್ಯಾ?" ಎಂದಳು. ಮುಳುಗುವವರು ಹುಲ್ಲುಕಡ್ಡಿ ಹಿಡಿಯುತ್ತಾರೆ, ಅದು ಸರಿ. ಆ ಕಡ್ಡಿಯನ್ನು ದಡದಲ್ಲಿ ನಿಂತು ಎಸೆಯುವವರಿಗೆ ಏನು ಹೇಳಬೇಕು?

ಇಲಿಯಮ್ಮ ಜಗಳವಾಡಿದಳು, ಅತ್ತಳು, ಶುಂಠಿಯನ್ನೆಲ್ಲ ಒಂದು ದಿನ ಕಸದ ಡಬ್ಬಿಗೆ ಸುರಿದಳು. ತಂಗಿ ಮತ್ತೆ ಕೊಂಡು ತಂದಳು. ತಾಯಿ ಚಿಕಿತ್ಸೆ ಬಿಟ್ಟ ಸಂಗತಿ ಮಗಳಿಗೆ ತಿಳಿದಿರಲಿಲ್ಲ. ಅವಳಿಗೆ ಹೇಳಿದರೆ ಮನೆಯೊಳಗೆ ಕಾಲಿಡಬೇಡ ಎಂದು ತಂಗಿ ಗದರಿಸಿದ್ದಳು. ಹೇಳಬೇಕಿತ್ತು. ಬಾಗಿಲು ಮುಚ್ಚಿಹೋದರೆ ತಂಗಿಯನ್ನು ಒಲಿಸಿಕೊಳ್ಳುವವರು ಯಾರು ಎಂಬ ಭಯಕ್ಕೆ ಬಾಯಿಗೆ ಬೀಗ ಹಾಕಿಕೊಂಡಳು. ಆರು ವಾರ ಹಾಗೇ ಹೋಯಿತು.

ಆಮೇಲೆ ಕೆಮ್ಮು ಶುರುವಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ಒಂದು ಮಧ್ಯಾಹ್ನ ಬಚ್ಚಲಲ್ಲಿ ಕುಸಿದಳು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಡಾಕ್ಟರಮ್ಮ ಅಕ್ಕ ತಂಗಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಶ್ವಾಸಕೋಶಕ್ಕೆ ಹರಡಿದೆ, ಎರಡೂ ಕಡೆ. ಇನ್ನು ಕೊಡುವುದೆಲ್ಲ ನೋವು ಕಡಿಮೆ ಮಾಡಲಿಕ್ಕೆ, ದಿನ ಹೆಚ್ಚಿಸಲಿಕ್ಕೆ. ಗುಣ ಮಾಡಲಿಕ್ಕಲ್ಲ. "ಆರೂ ಮುಗಿಸಿದ್ರೆ" ಎಂದು ಏನೋ ಹೇಳಹೊರಟು ಅವರೇ ನಿಲ್ಲಿಸಿದರು.

ಎರಡು ಮಂಚದ ಕೋಣೆ. ನಡುವೆ ಹಸಿರು ಪರದೆ. ಮಗಳು ಬಿಸಿನೀರು ತರಲು ಕೆಳಗೆ ಹೋಗಿದ್ದಾಗ ತಂಗಿ ಅಕ್ಕನ ಕೈ ಹಿಡಿದುಕೊಂಡಳು. ಅಷ್ಟು ಹೊತ್ತು ಅವಳು ಅತ್ತಿರಲೇ ಇಲ್ಲ.

"ನೀನು ಹೇಳಿದ್ದು ನಿಜ ಅಲ್ವಾ ಅಕ್ಕ, ಇಲಿ ವಿಷಯ?"

"ಹೂಂ."

"ಒಂದು ಮಾತು ಕೊಡು. ನಾನು ಬಿಟ್ಟಿದ್ದೆ ಅಂತ ಅವಳಿಗೆ ಗೊತ್ತಾಗಬಾರದು. ಔಷಧಿ ಹತ್ತಲಿಲ್ಲ ಅಂದ್ಕೊಂಡಿರಲಿ. ನಮ್ಮಮ್ಮ ಪೆದ್ದಿ, ಕೈಯಾರೆ ಸತ್ತಳು ಅಂತ ಅವಳು ಬದುಕೆಲ್ಲಾ ಅಂದ್ಕೋಬಾರದು. ಅದೊಂದು ಉಳಿಸಿಕೊಡಕ್ಕ."

ಇಲಿಯಮ್ಮ ಮಾತು ಕೊಟ್ಟಳು. ಇಷ್ಟನ್ನಾದರೂ ಸರಿಯಾಗಿ ಮಾಡುತ್ತೇನೆ ಎಂದು ಮನಸ್ಸಿನಲ್ಲೇ ಗಂಟುಹಾಕಿಕೊಂಡಳು. ತಂಗಿ ಅವಳ ಕೈ ಹಿಡಿದುಕೊಂಡೇ ನಿದ್ದೆ ಹೋದಳು.

ಎರಡು ದಿನ ಕಳೆದ ಮೇಲೆ ಪಕ್ಕದ ಮಂಚಕ್ಕೆ ಒಬ್ಬಾಕೆ ಬಂದಳು. ಬಸ್ ಕಂಡಕ್ಟರಮ್ಮ, ಬಂದ ಅರ್ಧ ಗಂಟೆಯಲ್ಲೇ ನರ್ಸುಗಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದಳು. ಅವಳಿಗೂ ಎದೆಯ ಗಂಟೇ, ಇನ್ನೂ ಎಲ್ಲಿಗೂ ಹರಡಿಲ್ಲ, ಅಂದು ಮಧ್ಯಾಹ್ನ ಮೊದಲ ಸರದಿ. ಪರದೆ ಸರಿಸಿ ಇಲಿಯಮ್ಮನನ್ನು ಮೇಲಿಂದ ಕೆಳಗೆ ನೋಡಿದವಳೇ ತನ್ನ ಚೀಲ ತಡಕಿ, ನಾಲ್ಕು ಮಡಿಕೆಯ ಕಾಗದ ತೆಗೆದು ಬಿಡಿಸಿದಳು. ಲೋಟ, ಬಿಳಿ ಕೋಟು, ನಗು.

"ಇದು ನೀವೇ ಅಲ್ವಾ? ನೋಡಿ, ದೇವರೇ ಕಳಿಸಿದ ಹಾಗೆ ಸಿಕ್ಕಿದ್ರಿ. ದಿನಕ್ಕೆ ಎಷ್ಟು ಲೋಟ ಕುಡೀಬೇಕು ಹೇಳಿ. ಮೂರು ತಿಂಗಳು ಇದನ್ನ ನೋಡ್ತೀನಿ. ಆಗಲಿಲ್ಲ ಅಂದ್ರೆ ಈ ಕೆಂಪು ಔಷಧಿ ಇದ್ದೇ ಇದೆ."

"ಬೇಡ" ಎಂದಳು ಇಲಿಯಮ್ಮ. "ಅದರಲ್ಲಿ ಬರೆದಿರೋದು ತಪ್ಪು. ಆ ತಪ್ಪು ಮಾಡಿದವಳು ನಾನೇ. ಇವತ್ತಿಂದು ತಪ್ಪಿಸಬೇಡಿ."

ಕಂಡಕ್ಟರಮ್ಮ ಕಣ್ಣು ಮಿಟುಕಿಸಿದಳು. "ಗೊತ್ತು ಬಿಡಿ, ಆಸ್ಪತ್ರೆ ಒಳಗೆ ಹಾಗೆ ಹೇಳಲೇಬೇಕು. ಫೋಟೋದಲ್ಲಿ ಒಂದು, ಬಾಯಲ್ಲಿ ಒಂದು. ದಿನಾ ಸಾವಿರ ಜನಕ್ಕೆ ಟಿಕೆಟ್ ಹರೀತೀನಿ, ಮುಖ ನೋಡಿದ್ರೆ ತಿಳಿಯುತ್ತೆ." ಕಾಲಿಗೆ ಚಪ್ಪಲಿ ಹುಡುಕಿಕೊಂಡಳು. ಬಾಚಣಿಗೆ, ಟವೆಲು ಚೀಲಕ್ಕೆ ತುಂಬಿದಳು.

ಇಲಿಯಮ್ಮ ಕೈಯಡ್ಡ ಹಿಡಿದಳು. ಪೆಟ್ಟಿಗೆ, ಚೀಟಿ, ಉಪ್ಪುನೀರು ಎಂದು ಶುರು ಮಾಡಿದಳು. ಆ ಮಾತು ತನ್ನ ಒಡಹುಟ್ಟಿದವಳಿಗೇ ನಾಟಲಿಲ್ಲ, ದಾರಿಯಲ್ಲಿ ಸಿಕ್ಕವಳಿಗೆ ನಾಟೀತೇ? ಕಂಡಕ್ಟರಮ್ಮ ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ತಿರುಗಿದಳು. ಅಲ್ಲಿ ತಂಗಿಯ ಮಗಳು ಫ್ಲಾಸ್ಕ್ ಹಿಡಿದು ನಿಂತಿದ್ದಳು. ತಂಗಿ ದಿಂಬಿನ ಮೇಲೆ ಕಣ್ಣು ತೆರೆದು ಅಕ್ಕನನ್ನೇ ನೋಡುತ್ತಿದ್ದಳು. ಬೇಡ ಎಂದು ತಲೆಯಾಡಿಸಿದಳು, ಬಹಳ ಮೆಲ್ಲಗೆ.

"ಇವಳನ್ನ ನೋಡಿ" ಎಂದಳು ಇಲಿಯಮ್ಮ. ಪರದೆಯನ್ನು ಪೂರ್ತಿ ಎಳೆದಳು. "ಇವಳು ನನ್ನ ತಂಗಿ. ಮೂರು ಸಲ ಹಾಕಿಸ್ಕೊಂಡಿದ್ಳು, ಗುಣ ಆಗ್ತಿತ್ತು. ಈ ಪೇಪರ್ ನೋಡಿ ಬಿಟ್ಟಳು. ಆಸ್ಪತ್ರೆಗೆ ಹೋಗ್ತೀನಿ ಅಂತ ಹೇಳಿ ಪಾರ್ಕಲ್ಲಿ ಕೂತು ಬಂದಳು. ನಾಲ್ಕು ತಿಂಗಳು ಶುಂಠಿ ರಸ ಕುಡಿದ್ಳು. ಈಗ ಇವಳಿಗೆ ಕೊಡೋಕೆ ಯಾರ ಹತ್ರಾನೂ ಏನೂ ಇಲ್ಲ. ಹೋಗಬೇಕು ಅಂದ್ರೆ ಹೋಗಿ."

ಕಂಡಕ್ಟರಮ್ಮ ಮಂಚದ ಮೇಲಿನ ಆ ಮುಖವನ್ನು, ಮೂಗಿನ ಕೊಳವೆಯನ್ನು, ಏರಿಳಿಯುವ ಎದೆಯನ್ನು ನೋಡಿದಳು. ಚೀಲ ಕೆಳಗಿಟ್ಟಳು. ಚಪ್ಪಲಿ ಬಿಟ್ಟು ಮಂಚ ಹತ್ತಿ ಕೂತಳು. ಕೈಲಿದ್ದ ಕಾಗದವನ್ನು ಏನು ಮಾಡಬೇಕೆಂದು ತೋಚದೆ ಮಡಿಸಿ ದಿಂಬಿನಡಿ ಇಟ್ಟಳು.

ಮಗಳು ಫ್ಲಾಸ್ಕನ್ನು ಮೇಜಿನ ಮೇಲಿಟ್ಟು ತಾಯಿಯ ಹತ್ತಿರ ಬಂದಳು. ಅವಳ ದನಿ ಏರಲಿಲ್ಲ.

"ಅಮ್ಮ, ನಾನು ಕಟ್ಟಿಕೊಟ್ಟ ಊಟ ಎಲ್ಲಿ ಕೂತು ತಿಂತಿದ್ದೆ?"

ತಂಗಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಉಸಿರು ಹೊಂದಿಸಿಕೊಂಡು ಅಕ್ಕನಿಗೆ ಹೇಳಿದಳು. "ಅವರನ್ನ ಉಳಿಸಿದೆ. ಸಮಾಧಾನ ಆಯ್ತಲ್ಲ. ಇನ್ನು ಒಳಗೆ ಬರಬೇಡ."

ಆಮೇಲೆ ತಂಗಿ ಬದುಕಿದ್ದು ಒಂಬತ್ತು ವಾರ. ಇಲಿಯಮ್ಮ ಅಷ್ಟೂ ದಿನ ಕೆಲಸ ಮುಗಿಸಿಕೊಂಡು ಬಂದಳು, ಬಾಗಿಲಾಚೆಯ ಬೆಂಚಿನ ಮೇಲೆ ಕೂತಳು. ಮೂರು ವಾರಕ್ಕೊಮ್ಮೆ ಕಂಡಕ್ಟರಮ್ಮ ಕೆಂಪು ಔಷಧಿಗೆ ಬಂದಾಗ, ಬೋಳುತಲೆಗೆ ವಸ್ತ್ರ ಕಟ್ಟಿಕೊಂಡು, ಅವಳ ಪಕ್ಕ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದಳು. ತಂಗಿಯ ಮಗಳು ಫ್ಲಾಸ್ಕ್ ಹಿಡಿದು ದಿನಕ್ಕೆ ನಾಲ್ಕು ಸಲ ಅದೇ ಬೆಂಚಿನ ಮುಂದೆ ಹಾದುಹೋಗುತ್ತಿದ್ದಳು. ಒಂದು ದಿನವೂ ದೊಡ್ಡಮ್ಮ ಎಂದು ಕರೆಯಲಿಲ್ಲ.